ಆರ್‌ಎಕ್ಸ್ 100 ಸ್ಟ್ರೀಮ್‌ಲೈನರ್: ಬಾಲ ಕೂತಿತು, ಬಿಸಿಯ ಕೆಲಸ ಬಾಕಿ

ಹಾಸನದ ಶೆಡ್ಡಿನಲ್ಲಿರುವ ಗಾಡಿ ಸ್ಟ್ರೀಮ್‌ಲೈನರ್, ಅಂದರೆ ಗಾಳಿ ಸುಲಭವಾಗಿ ಸೀಳುವಂತೆ ಮುಚ್ಚಿದ ಬಾಡಿ ತೊಡಿಸಿದ ಯಮಹಾ ಆರ್‌ಎಕ್ಸ್ 100 ಬೈಕು. ಅದರ ಗುರಿ ಗಂಟೆಗೆ 150 ಕಿ.ಮೀ. 98 ಸಿಸಿಗೆ ಇದು ದುರಾಸೆ ಅನ್ನುವವರು ಲೆಕ್ಕ ನೋಡಲಿ. ವೇಗ ಇಮ್ಮಡಿಯಾದರೆ ಗಾಳಿ ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ಸವಾರ ನೆಟ್ಟಗೆ ಕೂತ ಬರಿ ಬೈಕಿನ ಡ್ರ್ಯಾಗ್ ಏರಿಯಾ (ಗಾಳಿಗೆ ಒಡ್ಡುವ ವಿಸ್ತೀರ್ಣವನ್ನು ಆಕಾರದ ಡ್ರ್ಯಾಗ್ ಗುಣಾಂಕದಿಂದ ಗುಣಿಸಿದ್ದು) 0.5 ಚದರ ಮೀಟರ್ ಎಂದಿಟ್ಟುಕೊಂಡರೆ, 150ರಲ್ಲಿ ಗಾಳಿಯೊಂದಕ್ಕೇ 19 ಕಿಲೋವ್ಯಾಟ್ ಬೇಕು. 0.1ಕ್ಕೆ ಇಳಿಸಿದರೆ 4 ಸಾಕು. ಟೈರ್ ಉರುಳಲು ಮೇಲೆ ಒಂದು ಚಿಲ್ಲರೆ ಕಿಲೋವ್ಯಾಟ್. 2010ರಲ್ಲಿ ಅಮೆರಿಕದ ಬಾನೆವಿಲ್‌ ಉಪ್ಪುನೆಲದಲ್ಲಿ ಸವಾರ ರಾಕಿ ರಾಬಿನ್ಸನ್ ಗಂಟೆಗೆ 605 ಕಿ.ಮೀ. ದಾಟಿದ್ದು ಟರ್ಬೊ ಹಾಕಿದ ಎರಡು ಸುಜುಕಿ ಹಯಾಬುಸಾ ಎಂಜಿನ್‌ಗಳಿಂದ, ನಿಜ. ಆದರೆ ಅಲ್ಲೂ ಬಾಡಿ ಉದ್ದ, ಸಪೂರ.

ಬಾಡಿಯ ಹಿಂದೆ ಮೊದಲು ಹಾಕಿದ ಗಿಡ್ಡ ಬಾಲ ಕೆಲಸಕ್ಕೆ ಬರಲಿಲ್ಲ. ಎಂಟು ಸೆಂಟಿಮೀಟರಿನ ಉಲ್ಲನ್ ಎಳೆಗಳನ್ನು ಸಾಲಾಗಿ ಅಂಟಿಸಿ, ಮುಚ್ಚಿದ ಜಾಗದಲ್ಲಿ 60ರ ವೇಗಕ್ಕೆ ಪಕ್ಕದ ಬೈಕಿನಿಂದ ವಿಡಿಯೋ ತೆಗೆದಾಗ, ಸೀಟಿನ ಹಿಂದಿನ ಎಳೆಗಳು ಮುಂದಕ್ಕೆ ತಿರುಗಿ ಒದ್ದಾಡುತ್ತಿದ್ದವು. ಗಾಳಿ ಅಲ್ಲೇ ಮೈ ಬಿಟ್ಟಿದೆ ಎಂದರ್ಥ. ಬಾಲ ಸಪೂರಾಗುವ ಇಳಿಜಾರು ಒಂದೊಂದು ಬದಿಗೆ 10–12 ಡಿಗ್ರಿ ಮೀರಿದರೆ ಹೀಗಾಗುತ್ತದೆ. ಉದ್ದ ಹೆಚ್ಚಿಸಿ 10ಕ್ಕೆ ತಂದ ಮೇಲೆ ಎಳೆಗಳು ಮಲಗಿದವು.

ಫೈಬರ್‌ಗ್ಲಾಸ್ ಬಾಡಿಯ ಅಚ್ಚು ಥರ್ಮೋಕೋಲಿನದು. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಅದು ಕರಗಿ ಹೋಗುತ್ತದೆ, ಹಾಗಾಗಿ ಮೊದಲು ಪಿಒಪಿ ಲೇಪ, ಒಣಗಿದ ಮೇಲೆ ಪೇಂಟ್, ಆಮೇಲೆ ವ್ಯಾಕ್ಸ್. ಚದರ ಮೀಟರಿಗೆ 300 ಗ್ರಾಂ ತೂಗುವ ಗಾಜಿನೆಳೆಯ ಮ್ಯಾಟ್ ಎರಡು ಪದರ. ಮ್ಯಾಟಿನ ತೂಕದ ಎರಡೂವರೆ ಪಟ್ಟು ರೆಸಿನ್. ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ರೆಸಿನ್ನಿನ ಶೇ. 1.5. ಆ ಕ್ರಿಯೆಯ ವೇಗ ಹೆಚ್ಚಿಸುವ ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ನಂತರವೇ ಹಾರ್ಡನರ್. ಇವೆರಡನ್ನು ನೇರ ಬೆರೆಸಿದರೆ ಸಿಡಿಯುತ್ತದೆ. ಆಷಾಢದ ಜಿಟಿಜಿಟಿಯಲ್ಲಿ ಮ್ಯಾಟ್ ತೇವ ಹೀರಿ ಬಿಳಿ ಮಚ್ಚೆ ಬೀಳುತ್ತದೆ. ಹಿಂದಿನ ರಾತ್ರಿ ಮ್ಯಾಟನ್ನು ಬಲ್ಬಿನ ಕೆಳಗಿಟ್ಟರೆ ಸಾಕು.

ಇನ್ನು ಬಿಸಿ. ಏರ್‌ಕೂಲ್ಡ್ ಎಂಜಿನ್ನನ್ನು ಗಾಳಿಗೆ ದಾರಿ ಬಿಡದೆ ಬಾಡಿಯೊಳಗೆ ಕೂರಿಸಿದರೆ ಪಿಸ್ಟನ್ ಹಿಡಿದುಕೊಳ್ಳುವುದು ಖಾತ್ರಿ. ಬಿಸಿಗಾಳಿ ಹಿಗ್ಗುವುದರಿಂದ ಹೊರದಾರಿ ಒಳದಾರಿಗಿಂತ ದೊಡ್ಡದಿರಬೇಕು. ಸದ್ಯ ಒಂದೂವರೆ ಪಟ್ಟು ಕೊರೆದಿದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿವು ನಿಗದಿ ಮಾಡುವ ಜೆಟ್ ವಿಷಯದಲ್ಲೂ ಎಚ್ಚರ ಬೇಕು. ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿಗೆ ಹೊಂದಿಸಿದ ಮೇನ್ ಜೆಟ್ ಕರಾವಳಿಗಿಳಿದರೆ ಲೀನ್ ಆಗುತ್ತದೆ (ಗಾಳಿಗೆ ಪೆಟ್ರೋಲ್ ಸಾಲದು), ಪ್ಲಗ್ ಬೆಳ್ಳಗಾಗುತ್ತದೆ. ಮುಂದಿನ ಓಟ ಪ್ಲಗ್ ವಾಷರ್ ಕೆಳಗೆ ಬಿಸಿ ಅಳೆಯುವ ಥರ್ಮೋಕಪಲ್ ಹಾಕಿಯೇ. ಟೈರ್ ಗಂಟೆಗೆ 180 ಕಿ.ಮೀ.ವರೆಗೆ ತಡೆಯುವ ಎಸ್ ರೇಟಿಂಗಿನದು.