ಮೇಲೆ ಹಗ್ಗ ಯಾರು ಕಟ್ಟಿರ್ತಾರೆ?

ನಾನು ಬಂಡೆ ಹತ್ತೋ ವಿಡಿಯೋ ನೋಡಿದೋರೆಲ್ಲ ಕೇಳೋದು ಇದನ್ನೇ. ಯಾರೂ ಕಟ್ಟಿರಲ್ಲ. ಇಷ್ಟೇ ಉತ್ತರ. ಟೈಮ್ ಇದ್ರೆ ಮುಂದೆ ಓದಿ, ಇಲ್ಲಾಂದ್ರೆ ಬಿಡಿ, ಹೇಗೂ ಮುಂದಿನ ಮದುವೆ ಮನೇಲಿ ಸಿಕ್ಕಾಗ ನಾನು ಬಾಯಿ ತೆರೆಯಲ್ಲ, ಇದನ್ನೇ ಫಾರ್ವರ್ಡ್ ಮಾಡ್ತೀನಿ.

ಗ್ರೀಸ್‌ನಲ್ಲಿ ಕಾಲಿಮ್ನೋಸ್ ಅಂತ ಒಂದು ದ್ವೀಪ ಇದೆ. ಹೆಚ್ಚಿನವರು ಕೋಸ್ ದ್ವೀಪದಲ್ಲಿ ಇಳಿದು ದೋಣಿ ಹತ್ತಿ ಹೋಗ್ತಾರೆ. ಅಲ್ಲಿಗೆ ಬಂಡೆ ಹತ್ತೋಕೆ ಹೋಗಿ ಬಂದು ಎರಡು ವರ್ಷ ಆಯ್ತು, ವಿಡಿಯೋ ಮಾತ್ರ ಇನ್ನೂ ನೆಂಟರ ಮನೆ ಸುತ್ತುತ್ತಾ ಇದೆ. ಶಿರಸಿಯಲ್ಲಿ ನಮ್ಮಕ್ಕನ ಮನೆ ಗೃಹಪ್ರವೇಶದ ದಿನ ಊಟದ ಪಂಕ್ತೀಲಿ ಫೋನು ಬಾಳೆಎಲೆಯಿಂದ ಬಾಳೆಎಲೆಗೆ ಹೋಯ್ತು, ಸ್ಕ್ರೀನ್ ಮೇಲೆ ತುಪ್ಪದ ಬೆರಳು. ಮಾವ ನೋಡಿ, "ಮೊದ್ಲೇ ಮೇಲಿಂದ ಹಗ್ಗ ಬಿಟ್ಟಿರ್ತಾರಲ್ಲ, ಮತ್ತೆಂತ ಕಷ್ಟ?" ಅಂದ್ರು. ಆ 'ಬಿಟ್ಟಿರ್ತಾರಲ್ಲ'ದ ಕೊನೇಲಿರೋ 'ಅಲ್ಲ' ಇದೆ ನೋಡಿ, ಅದಕ್ಕೇ ನಂಗೆ ಉರಿಯೋದು. ಕೇಳೋಕೆ ಮುಂಚೆನೇ ತೀರ್ಪು ಬಂದಾಗಿದೆ. ಪಕ್ಕದೋರು ಡ್ರೋನ್ ಅಂದ್ರು. ಇನ್ನೊಬ್ಬರು ಚಿತ್ರದುರ್ಗದ ಜ್ಯೋತಿರಾಜ್ ಬರಿಗೈಲಿ ಕೋಟೆ ಗೋಡೆ ಹತ್ತೋವಾಗ ನಿಂಗ್ಯಾಕಮ್ಮ ಹಗ್ಗ ಅಂದ್ರು. ರಿಟೈರ್ಡ್ ಟೀಚರ್ ಅತ್ತೆಯೊಬ್ರು ಸೀರಿಯಸ್ಸಾಗಿ, "ಉಡ ಬಿಡ್ತಾರೇನೋ" ಅಂದ್ರು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಕಥೆ ಎಲ್ಲರೂ ಕೇಳಿದ್ದೇವಲ್ಲ, ಆವತ್ತು ಬಂದ ಉತ್ತರಗಳಲ್ಲಿ ನಂಗೆ ಅದೇ ಇಷ್ಟ ಆಗಿದ್ದು.

ಸರಿ, ಹೇಳ್ತೀನಿ. ಹಗ್ಗ ನನ್ನ ಸೊಂಟದಿಂದಾನೇ ಶುರು. ಬಂಡೇಲಿ ಎರಡು ಮೂರು ಮೀಟರ್‌ಗೊಂದು ಸ್ಟೀಲ್ ಬೋಲ್ಟ್ ಇರುತ್ತೆ, ಕೈಕಾಲು ಬಂಡೆ ಮೇಲೇ ಇಟ್ಟು ಅಲ್ಲೀವರೆಗೆ ಹತ್ತೋದು, ಕ್ವಿಕ್‌ಡ್ರಾ ಅನ್ನೋ ಕೊಕ್ಕೆ ಸಿಕ್ಕಿಸೋದು, ಹಗ್ಗ ಅದರೊಳಗೆ ಹಾಕೋದು, ಮತ್ತೆ ಹತ್ತೋದು. ಅಂದ್ರೆ ಹಗ್ಗ ಮೇಲಿಂದ ಬರಲ್ಲ, ನನ್ನ ಹಿಂದೆ ಮೇಲೆ ಬರುತ್ತೆ. ಅದನ್ನ ಹಿಡ್ಕೊಂಡು ಹತ್ತಲ್ಲ, ಹಿಡ್ಕೊಂಡ್ರೆ ಆಟದ ಲೆಕ್ಕಕ್ಕೇ ಇಲ್ಲ. ಕೊನೇ ಬೋಲ್ಟ್‌ಗಿಂತ ಒಂದೂವರೆ ಮೀಟರ್ ಮೇಲೆ ಹೋಗಿ ಜಾರಿದ್ರೆ ಮೂರು ಮೀಟರ್ ಬೀಳ್ತೀನಿ, ಹಗ್ಗ ರಬ್ಬರ್ ತರ ಸ್ವಲ್ಪ ಹಿಗ್ಗುತ್ತೆ, ಅದೂ ಸೇರಿಸ್ಕೊಳಿ. ಆಮೇಲೆ ಮಾವನಿಗೆ ಹೇಳಿ, ಮತ್ತೆಂತ ಕಷ್ಟ ಅಂತ.

ಆ ಬೋಲ್ಟ್ ಯಾರು ಹೊಡೆದ್ರು ಅಂತ ಕೇಳಿದ್ರೆ ಅದು ಒಳ್ಳೇ ಪ್ರಶ್ನೆ, ಯಾರೂ ಕೇಳಲ್ಲ. 1996ರಲ್ಲಿ ಆಂಡ್ರಿಯಾ ಡಿ ಬಾರಿ ಅನ್ನೋ ಇಟಲಿಯ ಕ್ಲೈಂಬರ್ ರಜೆಗೆ ಬಂದವ ಆ ಬಂಡೆಗಳನ್ನ ನೋಡಿ ತಲೆ ಕೆಟ್ಟು, ಮಾರನೇ ವರ್ಷ ಡ್ರಿಲ್ ತಗೊಂಡು ವಾಪಸ್ ಬಂದ. ಈಗ ಅಲ್ಲಿ 3,000ಕ್ಕೂ ಹೆಚ್ಚು ರೂಟ್, ಅಂದ್ರೆ ಬಂಡೆ ಹತ್ತೋ ದಾರಿ, ಇವೆ. ಯಾಣ ನೋಡಿದೋರಿಗೆ ಹೇಳೋದು ಸುಲಭ, ಎರಡೂ ಸುಣ್ಣದ ಕಲ್ಲೇ, ನಮ್ಮದು ಕಪ್ಪು, ಅಲ್ಲೀದು ಬೂದು, ಮಧ್ಯ ಮಧ್ಯ ಕೇಸರಿ. (ಯಾಣದಲ್ಲೇ ಹತ್ತಬಹುದಿತ್ತಲ್ಲ ಅನ್ನೋರಿಗೆ: ಅದು ದೇವಸ್ಥಾನ ಮಾರಾಯ್ರೆ.) ಕಾಲಿಮ್ನೋಸ್‌ನಲ್ಲಿ ಗ್ರಾಂಡೆ ಗ್ರೊಟ್ಟಾ ಅಂತ ದೊಡ್ಡ ಗುಹೆ ಇದೆ, ಅದರ ಚಾವಣಿಯಿಂದ ಆನೆ ಸೊಂಡಿಲಿನಂಥ ಕಲ್ಲು ಜೋತಾಡ್ತಾ ಇರುತ್ತೆ, ನೀರು ಸುಣ್ಣ ಕರಗಿಸ್ಕೊಂಡು ಇಳಿದು ಮತ್ತೆ ಗಟ್ಟಿಯಾಗಿದ್ದು. ಅದನ್ನ ಮೊಣಕಾಲಲ್ಲಿ ಅಪ್ಪಿ ಹಿಡ್ಕೊಂಡು ಜನ ರೆಸ್ಟ್ ತಗೋತಾರೆ. ಆ ದ್ವೀಪದ ಮಸೂರಿ ಅನ್ನೋ ಊರಿನ ಮೇಲಿನ ಹೆಚ್ಚಿನ ಬಂಡೆಗಳು ಪಶ್ಚಿಮಕ್ಕೆ ಮುಖ, ಬೆಳಿಗ್ಗೆ ನೆರಳು, ಮಧ್ಯಾಹ್ನ ಆದ್ಮೇಲೆ ಕಾವಲಿ. ಅದಕ್ಕೇ ಅರ್ಧ ದಿನ ಹತ್ತೋದು, ಉಳಿದರ್ಧ ದಿನ ಮೇಕೆ ದಾರೀಲಿ ನಡೆಯೋದು. ಕಾಲಿಟ್ಟಲ್ಲೆಲ್ಲ ಥೈಮ್ ಗಿಡ, ತುಳಿದ್ರೆ ಘಮ್ ಅನ್ನುತ್ತೆ, ಎಡವಿದ್ರೆ ಮಾತ್ರ ಕಲ್ಲು ತುರಿಮಣೆ.

ಬಂಡೆ ಹತ್ತೋರು ಬರೋಕೆ ಮುಂಚೆ ಆ ಊರು ಬದುಕಿದ್ದು ಸ್ಪಾಂಜಿನ ಮೇಲೆ, ಸಮುದ್ರದ ತಳದಿಂದ ಕಿತ್ತು ತರೋ ಸ್ಪಾಂಜು. ಹಿಂದೆ ಚಪ್ಪಟೆ ಕಲ್ಲೊಂದನ್ನ ಹಿಡ್ಕೊಂಡು ಮುಳುಗ್ತಿದ್ರು, ಕಲ್ಲಿಗೆ ಹಗ್ಗ, ಹಗ್ಗದ ತುದಿ ದೋಣೀಲಿ ನಿಂತವನ ಕೈಲಿ. 1860ರ ದಶಕದಲ್ಲಿ ಡೈವಿಂಗ್ ಸೂಟ್ ಬಂತು, ಆಳದಲ್ಲಿ ಜಾಸ್ತಿ ಹೊತ್ತು ಇದ್ದು ಬೇಗ ಮೇಲೆ ಬಂದವರ ಕೈಕಾಲು ಬಿದ್ದುಹೋದ್ವು, ಎಷ್ಟೋ ಜನ ಸತ್ತರು. ಮಿಹಾನಿಕೋಸ್ ಅಂತ ಒಂದು ಕುಣಿತ ಇದೆ ಅಲ್ಲಿ, ಮುಂದಿರೋನು ಕೋಲು ಊರಿ ನಡುಗ್ತಾ ನಡುಗ್ತಾ ಕುಣೀತಾನೆ. ಕಾಲು ಹೋದ ಡೈವರ್‌ನ ನಡಿಗೆ ಅದು.

ಆ ದೋಣಿಯವನ ಕಥೆ ಓದ್ದಾಗ ನಂಗೆ ನೆನಪಾಗಿದ್ದು ನಮ್ಮ ತೋಟದ ಕೊನೆಗೌಡ. ಅಡಿಕೆ ಕೊನೆ ಕೊಯ್ಯೋಕೆ ನಲವತ್ತು ವರ್ಷದಿಂದ ಮರ ಹತ್ತುತ್ತಿರೋ ಮನುಷ್ಯ. ಗೃಹಪ್ರವೇಶದ ಮಾರನೇ ದಿನ ಮನೇಲಿ ಅವನೂ ವಿಡಿಯೋ ನೋಡಿದ. ಮೇಲೆ ಹಗ್ಗ ಯಾರು ಕಟ್ಟಿದ್ದು ಅಂತ ಕೇಳ್ಲಿಲ್ಲ. ಎರಡು ಸಲ ನೋಡಿ, "ಕೆಳಗೆ ಹಗ್ಗ ಹಿಡಿದವ್ರು ಯಾರು ತಂಗೀ?" ಅಂದ.

ಎರಡು ವರ್ಷದಲ್ಲಿ ಒಬ್ಬನೇ ಒಬ್ಬ!

ಹಗ್ಗ ಕೆಳಗೆ ನಿಂತವರ ಸೊಂಟಕ್ಕೆ ಸಿಕ್ಕಿಸಿದ ಸಾಧನದೊಳಗಿಂದ ಬರುತ್ತೆ, ಹತ್ತೋರು ಜಾರಿದ್ರೆ ತಡೆದು ನಿಲ್ಸೋದು ಅವರೇ. ಹಿಡಿದಿದ್ದು ನನ್ನ ಆಫೀಸಿನ ಗೆಳತಿ. ನಂಗಿಂತ ಹದಿನೈದು ಕೆಜಿ ಹಗುರ. ನಾಲ್ಕನೇ ದಿನ ಆ ವಿಡಿಯೋದಲ್ಲಿರೋ ಬಂಡೇಲೇ, ರೆಕಾರ್ಡಿಂಗ್ ನಿಂತ ಮೇಲೆ, ನಾನು ಜಾರಿದೆ. ನಾನು ಕೆಳಗೆ ಹೋದಷ್ಟೂ ಅವಳು ಮೇಲೆ ಬಂದ್ಲು, ಬಾವಿ ರಾಟೆ ತರ, ಮೊದಲನೇ ಬೋಲ್ಟ್‌ವರೆಗೆ ಎಳ್ಕೊಂಡು ಬಂದು ಬಂಡೆಗೆ ಭುಜ ಹೊಡೆಸ್ಕೊಂಡ್ಲು, ಒಂದು ಚಪ್ಪಲಿ ಕೆಳಗೆ ಬಿತ್ತು. ಹಗ್ಗ ಮಾತ್ರ ಬಿಡ್ಲಿಲ್ಲ. ಇಬ್ಬರೂ ಗಾಳೀಲಿ ನೇತಾಡ್ತಾ ಇದ್ವಿ, ಕೆಳಗೆ ಒಂದು ಮೇಕೆ ನಮ್ಮ ಬ್ರೆಡ್ಡಿನ ಪ್ಯಾಕೆಟ್ ತೆಗೀತಾ ಇತ್ತು, ಅವಳು ನನ್ನ ಕಡೆ ಕತ್ತೆತ್ತಿ ಮೊದಲು ಕೇಳಿದ್ದು "ಪೆಟ್ಟಾಯ್ತಾ?" ಅಂತ. ಭುಜ ನೀಲಿಗಟ್ಟಿದ್ದು ಅವಳದ್ದು.

ಇದನ್ನೆಲ್ಲ ಹೇಳ್ದೆ ಕೊನೆಗೌಡನಿಗೆ. ಅವನು ಎಲೆಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿ, "ಅಷ್ಟು ಸಪೂರದವ್ಳನ್ನ ನಿಲ್ಸಿದ್ಯಾ? ಸೊಂಟಕ್ಕೆ ಒಂದು ಮೂಟೆ ಮಣ್ಣಾದ್ರೂ ಕಟ್ಟೋದಲ್ವಾ" ಅಂದ. ಕ್ಲೈಂಬರ್‌ಗಳು ಮರಳಿನ ಚೀಲ ಕಟ್ಕೊಂಡು ನಿಲ್ಲೋದು ನಿಜಕ್ಕೂ ಇದೆ, ನಾವು ಸೋಮಾರಿತನಕ್ಕೆ ಕಟ್ಟಿರ್ಲಿಲ್ಲ ಅಷ್ಟೇ. ಹಾಗಂತ ಅವನಿಗೆ ಹೇಳೋ ಧೈರ್ಯ ನಂಗೆ ಬರ್ಲಿಲ್ಲ.