ಗ್ರೆಪ್ ಮೈನಸ್ ಕ್ಯೂ ನನಗೆ ಹೇಳಿದ ಸುಳ್ಳು

ಹಳೇ ಸೋಲಾರಿಸ್ 10 (ಒಂದು ಬಗೆಯ ಯೂನಿಕ್ಸ್) ಮಷೀನಲ್ಲಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್, ಅಂದ್ರೆ ಸಾಲಾಗಿ ಓಡೋ ಕಮಾಂಡ್‌ಗಳ ಫೈಲ್, ಇಟ್ಟಿದ್ದೆ. ಲಾಗಲ್ಲಿ ಎರರ್ ಅನ್ನೋ ಪದ ಇದ್ಯಾ ಅಂತ ಗ್ರೆಪ್ (ಫೈಲಲ್ಲಿ ಪದ ಹುಡುಕೋ ಕಮಾಂಡ್) ಮೈನಸ್ ಕ್ಯೂ (ಸಾಲು ತೋರಿಸದೆ ಸಿಕ್ತೋ ಇಲ್ವೋ ಅಷ್ಟೇ ಹೇಳು ಅನ್ನೋ ಆಪ್ಷನ್) ಹಾಕಿ ನೋಡೋದು, ಇದ್ರೆ ಮೇಲ್ ಕಳ್ಸೋದು, ಇಲ್ದಿದ್ರೆ "ಎಲ್ಲಾ ಓಕೆ" ಅಂತ ಒಂದು ಫೈಲಿಗೆ ಬರೆಯೋದು, ಅಷ್ಟೇ. ಕೈಯಲ್ಲಿ ಓಡಿಸಿ ನೋಡ್ದೆ, ಸರಿ ಇತ್ತು, ಹೇಳಿದ ಹೊತ್ತಿಗೆ ತಾನೇ ಓಡಿಸೋ ಕ್ರಾನ್‌ಗೆ ಹಾಕಿ ಮರೆತೇಬಿಟ್ಟೆ. ದಿನಾ ಎಲ್ಲಾ ಓಕೆ. ಒಂದಿನ ಇನ್ಯಾವುದಕ್ಕೋ ಲಾಗ್ ತೆಗೆದು ನೋಡ್ತೀನಿ, ಸಾಲುಗಟ್ಟಲೆ ಎರರ್!

ಆಗಿದ್ದೇನಂದ್ರೆ ಅಲ್ಲಿ ಗ್ರೆಪ್ ಒಂದಲ್ಲ. ಮಾಮೂಲಿ ಬಿನ್ ಡೈರೆಕ್ಟರಿಯಲ್ಲಿರೋ ಹಳೇದಕ್ಕೆ ಮೈನಸ್ ಕ್ಯೂ ಗೊತ್ತೇ ಇಲ್ಲ, ಪಾಸಿಕ್ಸ್ (ಯೂನಿಕ್ಸ್‌ಗಳಿಗೆಲ್ಲ ಒಂದೇ ನಿಯಮ ಹೇಳೋ ಸ್ಟ್ಯಾಂಡರ್ಡ್) ಪ್ರಕಾರ ನಡ್ಕೊಳ್ಳೋದು ಎಕ್ಸ್‌ಪಿಜಿ4 ಅನ್ನೋ ಬೇರೆ ಡೈರೆಕ್ಟರಿಯಲ್ಲಿ ಕೂತಿರುತ್ತೆ. ನನ್ನ ಪ್ರೊಫೈಲಲ್ಲಿ (ಲಾಗಿನ್ ಆದಾಗ ಓದೋ ಸೆಟ್ಟಿಂಗ್ ಫೈಲ್) ಅದು ಪಾತ್‌ನಲ್ಲಿ, ಅಂದ್ರೆ ಕಮಾಂಡ್ ಹುಡುಕೋ ಡೈರೆಕ್ಟರಿಗಳ ಪಟ್ಟಿಯಲ್ಲಿ, ಮೊದ್ಲಿತ್ತು, ಕ್ರಾನ್ ಪ್ರೊಫೈಲ್ ಓದಲ್ಲ, ಹಳೇ ಗ್ರೆಪ್ಪನ್ನೇ ಹಿಡ್ಕೊಳ್ತು. ಪಾಪ ಅದು "ಇಲ್ಲೀಗಲ್ ಆಪ್ಷನ್" ಅಂತ ದಿನಾ ಬಾಯಿ ಬಡ್ಕೊಂಡಿದೆ, ನಾನೇ ಜಾಣತನ ಮಾಡಿ ಎರರ್ ಔಟ್‌ಪುಟ್ಟನ್ನ ಡೆವ್ ನಲ್ ಅನ್ನೋ ಕಸದಬುಟ್ಟಿಗೆ ತಳ್ಳಿದ್ದೆ. ಗ್ರೆಪ್‌ಗೆ ಪದ ಸಿಕ್ರೆ 0, ಸಿಗದಿದ್ರೆ 1, ತಾನೇ ಎಡವಿದ್ರೆ 2 ವಾಪಸ್ ಕೊಡುತ್ತೆ. ಸ್ಕ್ರಿಪ್ಟಿನ ಇಫ್‌ಗೆ 1 ಆದ್ರೇನು 2 ಆದ್ರೇನು, ಸೊನ್ನೆ ಅಲ್ಲ ಅಂದ್ರೆ ಸೀದಾ ಎಲ್ಸ್‌ಗೆ, ಅಂದ್ರೆ "ಎಲ್ಲಾ ಓಕೆ"ಗೆ.

ಮೈನಸ್ ಕ್ಯೂ ಕಿತ್ತು ಮಾಮೂಲಿ ಔಟ್‌ಪುಟ್ಟನ್ನ ಡೆವ್ ನಲ್‌ಗೆ ಕಳ್ಸಿದ್ರೆ ಎಲ್ಲಾ ಕಡೆ ನಡೆಯುತ್ತೆ.

ಅದೇ ಮಷೀನಲ್ಲಿ ಆಕ್ (ಸಾಲುಗಳನ್ನ ಕಾಲಂ ಕಾಲಂ ಆಗಿ ಒಡೆದು ನೋಡೋ ಟೂಲ್) ಅಂದ್ರೂ ಪುರಾತನ ಆಕ್ ಬರುತ್ತೆ, ಹೊರಗಿಂದ ವೇರಿಯಬಲ್ ಕೊಡೋ ಮೈನಸ್ ವಿ ಬೇಕಂದ್ರೆ ನಾಕ್ ಅಂತ ಟೈಪ್ ಮಾಡ್ಬೇಕು. ಬಿನ್ ಎಸ್ಎಚ್ ಅಂದ್ರೆ ಅಸಲಿ ಬೋರ್ನ್ ಶೆಲ್ಲು, ಒಂದು ಕಮಾಂಡಿನ ಔಟ್‌ಪುಟ್ ತಗೊಳ್ಳೋಕೆ ಡಾಲರ್ ಬ್ರಾಕೆಟ್ ಹಾಕಿದ್ರೆ ಸಿಂಟ್ಯಾಕ್ಸ್ ಎರರ್ ಬರುತ್ತೆ, ಬ್ಯಾಕ್‌ಟಿಕ್ಕೇ ಗತಿ. ಫೈಲನ್ನ ಅಲ್ಲೇ ತಿದ್ದೋ ಸೆಡ್ ಮೈನಸ್ ಐ ಅಂತೂ ಇಲ್ವೇ ಇಲ್ಲ, ಫ್ರೀಬಿಎಸ್‌ಡಿ (ಇನ್ನೊಂದು ಯೂನಿಕ್ಸ್) ಯಲ್ಲಿ ಇದೆ, ಆದ್ರೆ ಅಲ್ಲಿ ಬ್ಯಾಕಪ್ ಸಫಿಕ್ಸ್ ಕೊಡ್ಲೇಬೇಕು, ಕೊಡದಿದ್ರೆ ನಮ್ಮ ಎಕ್ಸ್‌ಪ್ರೆಶನ್ನನ್ನೇ ಸಫಿಕ್ಸ್ ಅಂದ್ಕೊಂಡುಬಿಡುತ್ತೆ. ಟೆಂಪ್ ಫೈಲಿಗೆ ಬರೆದು ಎಂವಿ ಕಮಾಂಡಲ್ಲಿ ಹಳೇ ಹೆಸರಿಗೆ ಬದಲಾಯಿಸೋದೇ ವಾಸಿ. (ಲಿನಕ್ಸ್ ಅಭ್ಯಾಸದಲ್ಲಿ ಸೋಲಾರಿಸ್‌ನಲ್ಲಿ ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಕಿಲ್ಆಲ್ ಮಾತ್ರ ಹೊಡೀಬೇಡಿ, ಲಿನಕ್ಸಲ್ಲಿ ಅದು ಹೆಸರು ಹೇಳಿದ ಪ್ರೋಗ್ರಾಂ ಮಾತ್ರ ನಿಲ್ಸುತ್ತೆ, ಇಲ್ಲಿ, ಅದು ಶಟ್‌ಡೌನ್ ಟೈಮಲ್ಲಿ ಬಳಸೋದು, ಹೆಸರಿಗೆ ತಕ್ಕಂಗೆ ಎಲ್ಲಾನೂ ಸಾಯಿಸುತ್ತೆ.)

ಪಾಸಿಕ್ಸ್‌ನಲ್ಲಿ ಶೆಲ್ಲು, ಟೂಲ್ಸ್ ಹೆಂಗಿರ್ಬೇಕು ಅಂತ 1992ರಲ್ಲೇ ಬರೆದಿಟ್ಟಿದ್ದಾರೆ, ಸೋಲಾರಿಸ್ 10 ಬಂದಿದ್ದು 2005ರಲ್ಲಿ. ಆದ್ರೂ ಹಳೇ ಸ್ಕ್ರಿಪ್ಟ್‌ಗಳು ಮುರೀಬಾರ್ದು ಅಂತ ಹಳೇದನ್ನೇ ಮುಂದಿಟ್ರು, ಹೊಸದನ್ನ ಪಕ್ಕಕ್ಕಿಟ್ರು. ಬೈಬೇಕು ಅನ್ಸುತ್ತೆ, ಆದ್ರೆ ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ.

ಈಗ ಸ್ಕ್ರಿಪ್ಟಿನ ಎರಡನೇ ಸಾಲಲ್ಲೇ ಪಾತ್ ಬರ್ಕೊಂಡಿದೀನಿ, 2 ಬಂದ್ರೆ ಬೇರೆ ಮೇಲ್ ಬರುತ್ತೆ. ಮೊದಲ ವಾರದಲ್ಲೇ ಒಂದು ಬಂತು, ಲಾಗ್ ಫೈಲಿನ ಹೆಸರನ್ನೇ ನಾನು ತಪ್ಪು ಬರೆದಿದ್ದೆ.