‘ಸೇವ್ಡ್ ಫ್ರಮ್ ದಿ ಟೈಟಾನಿಕ್’ ಮರುಜೋಡಣೆ: ಕೆಲಸ ಎಲ್ಲಿಗೆ ಬಂತು

1912ರ ಅಮೆರಿಕನ್ ಮೂಕಿ ಕಿರುಚಿತ್ರ ‘ಸೇವ್ಡ್ ಫ್ರಮ್ ದಿ ಟೈಟಾನಿಕ್’ ಅನ್ನು, ಉಳಿದುಬಂದ ಕೆಲವೇ ಸ್ಥಿರಚಿತ್ರಗಳು ಹಾಗೂ ಆ ಕಾಲದ ಸಿನಿಮಾ ಪತ್ರಿಕೆಗಳಲ್ಲಿ ಅಚ್ಚಾದ ಕಥಾಸಾರದ ಆಧಾರದ ಮೇಲೆ ಕಂಪ್ಯೂಟರಿನಲ್ಲಿ ಮರುಜೋಡಿಸುವ ನನ್ನ ಕೆಲಸ ಈಗ ಕಥೆಯ ನಡುಭಾಗಕ್ಕೆ ಬಂದಿದೆ. 1914ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿದ್ದ, ಈ ಚಿತ್ರ ತಯಾರಿಸಿದ ಎಕ್ಲೇರ್ ಕಂಪನಿಯ ಸ್ಟುಡಿಯೋಗೆ ಬೆಂಕಿ ಬಿದ್ದಾಗ ಚಿತ್ರದ ಪ್ರತಿಗಳು ನಾಶವಾದವು. ಅಂದಿನ ನೈಟ್ರೇಟ್ ಫಿಲ್ಮ್ ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ, ಒಮ್ಮೆ ಹೊತ್ತಿಕೊಂಡರೆ ನೀರಿನಿಂದಲೂ ಆರುವುದಿಲ್ಲ.

ಆರಂಭದ ದೃಶ್ಯಗಳು ಸುಲಭವಾಗಿ ಕೂಡಿಬಂದವು. ವಿದೇಶದಿಂದ ಟೈಟಾನಿಕ್‌ನಲ್ಲಿ ಮರಳುತ್ತಿದ್ದ ಡೊರೊತಿ, ಅವಳಿಗಾಗಿ ಕಾಯುತ್ತಿರುವ ತಂದೆ ತಾಯಿ, ನೌಕಾಪಡೆಯಲ್ಲಿರುವ ಭಾವೀ ಪತಿ ಜ್ಯಾಕ್: ಇಷ್ಟೇ ಜನರ ಮನೆಯೊಂದರಲ್ಲಿ ಕಥೆ ನಡೆಯುತ್ತದೆ. ಉಳಿದು ಬಂದ ಡೊರೊತಿ ಅಂದಿನ ರಾತ್ರಿಯನ್ನು ಮನೆಯವರಿಗೆ ಹೇಳತೊಡಗಿದಾಗ ಚಿತ್ರ ಹಿಂದಕ್ಕೆ ಸರಿಯುತ್ತದೆ.

ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿಯೇ. ಡೊರೊತಿಯ ಪಾತ್ರ ವಹಿಸಿದ ಡೊರೊತಿ ಗಿಬ್ಸನ್ ಆ ಹಡಗಿನಲ್ಲಿ ತಾಯಿಯೊಂದಿಗೆ ಪ್ರಯಾಣಿಸಿ, ಮೊದಲು ನೀರಿಗಿಳಿದ 7ನೇ ಜೀವರಕ್ಷಕ ದೋಣಿಯಲ್ಲಿ ಪಾರಾದವರು. 65 ಜನ ಹಿಡಿಯುವ ಆ ದೋಣಿ ಸುಮಾರು 28 ಜನರೊಂದಿಗೆ ಹೊರಟಿತ್ತು. ಹಡಗು ಮುಳುಗಿದ 29 ದಿನಗಳಲ್ಲೇ, ಅಂದರೆ 1912ರ ಮೇ 14ರಂದು, ಚಿತ್ರ ತೆರೆಗೆ ಬಂತು. ಅದರಲ್ಲಿ ಅವರು ತೊಟ್ಟದ್ದು ದೋಣಿಯಲ್ಲಿ ಉಟ್ಟಿದ್ದ ಅದೇ ಬಿಳಿ ರೇಷ್ಮೆಯ ಉಡುಪು, ಸ್ವೆಟರ್, ಪೋಲೋ ಕೋಟು. ಸ್ಥಿರಚಿತ್ರದಲ್ಲಿ ಆ ಮುಖವನ್ನು ದೊಡ್ಡದು ಮಾಡಿ ನೋಡುವಾಗ, ಇದನ್ನು ಬರೀ ಅಭಿನಯವೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಅದೇ ಕಾರಣಕ್ಕೆ ಅವರು ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಗಳನ್ನು ಚಿತ್ರದೊಳಗೆ ತುರುಕದೆ, ಪ್ರತ್ಯೇಕ ಕಡತದಲ್ಲಿ ಇಟ್ಟಿದ್ದೇನೆ: ಸಾಕ್ಷಿ ಬೇರೆ, ಆ ಸಾಕ್ಷಿ ನಟಿಸಿದ ಕಥೆ ಬೇರೆ.

ಹಿನ್ನೋಟದ ಕೆಲವು ಭಾಗಗಳನ್ನು ನ್ಯೂಯಾರ್ಕ್ ಬಂದರಿನಲ್ಲಿ ಪಾಳುಬಿದ್ದ ಸರಕು ಹಡಗೊಂದರ ಮೇಲೆ ಚಿತ್ರಿಸಿದ್ದರು. ಹಿಮಗಡ್ಡೆಗಳ ದೃಶ್ಯಗಳನ್ನೂ, ಟೈಟಾನಿಕ್‌ನ ಸೋದರ ಹಡಗು ಒಲಿಂಪಿಕ್‌ ಮೇಲೆ ಮುಂದೆ ಟೈಟಾನಿಕ್ ನಡೆಸಿದ ಕ್ಯಾಪ್ಟನ್ ಸ್ಮಿತ್ ಕಾಣಿಸುವ ಹಳೆಯ ಸುದ್ದಿಚಿತ್ರವನ್ನೂ ಬಳಸಿಕೊಂಡಿದ್ದರು. ಇಂಥ ಸುದ್ದಿಚಿತ್ರದ ತುಣುಕು ಇಂದಿಗೂ ಉಳಿದಿರುವುದರಿಂದ ಅದನ್ನು ಸೇರಿಸಿದ್ದೇನೆ. ಆದರೆ ಅದು ಮೂಲ ಚಿತ್ರದ್ದಲ್ಲ ಎಂಬುದು ನೋಡುಗರಿಗೆ ಕ್ಷಣಮಾತ್ರವೂ ಮರೆಯಬಾರದೆಂದು ಸುತ್ತಲೂ ಬೂದು ಅಂಚು ಕೊಟ್ಟಿದ್ದೇನೆ.

ಅವಧಿಯ ಲೆಕ್ಕ ಸರಳ. ಮೂಲ ಚಿತ್ರ ಒಂದೇ ರೀಲಿನದು. ಒಂದು ರೀಲೆಂದರೆ ಹೆಚ್ಚೆಂದರೆ 1000 ಅಡಿ, ಅಡಿಗೆ 16 ಚೌಕಟ್ಟು (ಫ್ರೇಮ್). ಸೆಕೆಂಡಿಗೆ 16ರ ವೇಗದಲ್ಲಿ ತಿರುಗಿಸಿದರೆ ಹದಿನಾರು ನಿಮಿಷ ಚಿಲ್ಲರೆ. ನನ್ನ ಜೋಡಣೆ ಈ ಮಿತಿಯನ್ನು ಮೀರುವುದಿಲ್ಲ.

ಸ್ಥಿರಚಿತ್ರವಿಲ್ಲದ ಕಡೆ ಹೊಸದಾಗಿ ಚಿತ್ರ ಬರೆಸಿ ತುಂಬಿಸಬಹುದಲ್ಲ ಎಂದು ಸ್ನೇಹಿತರು ಸೂಚಿಸಿದರು. ನಾನು ಒಪ್ಪಲಿಲ್ಲ. ಅಷ್ಟೊಂದು ಸಾವುಗಳ ದುರಂತವನ್ನು ಸ್ಟುಡಿಯೋದಲ್ಲಿ ಮರುಸೃಷ್ಟಿಸುವ ಯೋಚನೆಯೇ ಅಸಹ್ಯವೆಂದು ‘ನ್ಯೂಯಾರ್ಕ್ ಡ್ರಮ್ಯಾಟಿಕ್ ಮಿರರ್’ ಅಂದೇ ಕಟುವಾಗಿ ಬರೆದಿತ್ತು. ಆ ಆಕ್ಷೇಪಣೆಯಲ್ಲಿ ಹುರುಳಿದೆ, ಮತ್ತು ನೂರು ವರ್ಷಗಳ ಮೇಲೆ ಕುಳಿತು ಇನ್ನಷ್ಟು ಕಲ್ಪಿಸುವ ಹಕ್ಕು ನನಗಂತೂ ಇಲ್ಲ. ಆದ್ದರಿಂದ ಕಪ್ಪು ಪರದೆಯ ಮೇಲೆ ಕಥಾಸಾರದ ಸಾಲನ್ನಷ್ಟೇ ತೋರಿಸುತ್ತೇನೆ.

ಅದೇ ವರ್ಷ ಜರ್ಮನಿಯಲ್ಲಿ ತಯಾರಾದ ಟೈಟಾನಿಕ್ ಚಿತ್ರ ‘ಇನ್ ನಾಖ್ಟ್ ಉಂಡ್ ಐಸ್’ ಕೂಡ ಕಳೆದುಹೋಯಿತೆಂದೇ ಎಲ್ಲರೂ ನಂಬಿದ್ದರು. 1998ರಲ್ಲಿ ಅಲ್ಲಿನ ಸಂಗ್ರಾಹಕರೊಬ್ಬರ ಬಳಿ ಅದರ ಪ್ರತಿ ಸಿಕ್ಕಿತು. ಗಿಬ್ಸನ್ ಅವರ ಚಿತ್ರವೂ ಅಮೆರಿಕದಾಚೆ ಪ್ರದರ್ಶನಗೊಂಡಿತ್ತಾದ್ದರಿಂದ ನಾನು ಆಸೆ ಬಿಟ್ಟಿಲ್ಲ, ಮತ್ತು ಪ್ರತಿ ಸಿಕ್ಕರೆ ನನ್ನ ಜೋಡಣೆ ಬೇಡವಾಗುವುದನ್ನು ಸಂತೋಷದಿಂದ ಸ್ವಾಗತಿಸುತ್ತೇನೆ.

ಇನ್ನು ಉಳಿದಿರುವುದು ಕೊನೆಯ ಭಾಗ: ಸಮುದ್ರಕ್ಕೆ ಹೆದರಿದ ತಾಯಿ ನೌಕಾಪಡೆ ಬಿಡುವಂತೆ ಜ್ಯಾಕ್‌ನನ್ನು ಕೇಳುವುದು, ಅವನು ಕರ್ತವ್ಯವನ್ನೇ ಆರಿಸಿಕೊಳ್ಳುವುದು, ತಂದೆ ಮೆಚ್ಚಿ ಮದುವೆಗೆ ಹರಸುವುದು. ಇದಕ್ಕೆ ಬೇಕಾದ ಶೀರ್ಷಿಕೆ ಫಲಕಗಳನ್ನು ಈ ವಾರ ಸಿದ್ಧಪಡಿಸುತ್ತಿದ್ದೇನೆ.